ಸಿಮ್ಯುಲೇಶನ್ ಇನ್‌ಪುಟ್ ಫೈಲ್‌ಗೆ ನೋಟ್‌ಪ್ಯಾಡ್ ಸಾಕಲ್ವಾ?

ಪ್ರಶ್ನೆ: ಸಿಮ್ಯುಲೇಶನ್ ಕೆಲಸ ಈಗಷ್ಟೇ ಶುರು ಮಾಡಿದ್ದೇನೆ. ಇನ್‌ಪುಟ್ ಫೈಲ್ ಅಂದ್ರೆ ಬರೀ ಟೆಕ್ಸ್ಟ್ ತಾನೇ, ನೋಟ್‌ಪ್ಯಾಡ್ ಸಾಕಲ್ವಾ? ಬೇರೆ ಎಡಿಟರ್ ಬೇಕೇಬೇಕು ಅಂದ್ರೆ ಯಾವುದು, ಹೇಗೆ ಸೆಟ್ ಮಾಡ್ಕೊಳ್ಳೋದು?

ಉತ್ತರ: ಸಾಕು, ಮೊದಲ ಸಲ ಕೈ ಸುಡುವ ತನಕ. ಬರೀ ಟೆಕ್ಸ್ಟ್ ಅನ್ನೋದು ಅರ್ಧ ನಿಜ. ಆ ಟೆಕ್ಸ್ಟ್‌ನಲ್ಲಿ ಸ್ಪೇಸ್, ಟ್ಯಾಬ್, ಸಾಲು ಮುಗಿಯುವ ಗುರುತು ಎಲ್ಲವೂ ಇರುತ್ತವೆ. ನಮ್ಮ ಕಣ್ಣಿಗೆ ಅವು ಖಾಲಿ ಜಾಗ, ಪ್ರೋಗ್ರಾಂಗೆ ಮಾತ್ರ ಒಂದೊಂದೂ ಬೇರೆ ಬೇರೆ ಅಕ್ಷರ. ಹಾಗಾಗಿ ಎಡಿಟರ್‌ನಿಂದ ನನಗೆ ಬೇಕಾದ್ದು ಎರಡೇ: ಕಾಣದ್ದನ್ನು ತೋರಿಸಬೇಕು, ನಾನು ಹೇಳದೆ ಫೈಲ್ ಮುಟ್ಟಬಾರದು. ವಿಎಸ್ ಕೋಡ್, ವಿಮ್, ಈಮ್ಯಾಕ್ಸ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಇವುಗಳಲ್ಲಿ ಯಾವುದಾದರೂ ಸರಿ. ಯಾವುದು ಮೇಲು ಅನ್ನೋ ಜಗಳಕ್ಕೆ ನಾನು ಬರಲ್ಲ.

ಹೇಳದೆ ಮುಟ್ಟೋದು ಅಂದ್ರೆ ಏನು ಅನ್ನೋದಕ್ಕೆ ನನ್ನದೇ ಪೆದ್ದುತನ ಹೇಳುತ್ತೇನೆ. ಅಣುಗಳ ಲೆಕ್ಕ ಹಾಕುವ ಗೌಸಿಯನ್ ಪ್ರೋಗ್ರಾಂನ ಇನ್‌ಪುಟ್‌ನಲ್ಲಿ ಪರಮಾಣುಗಳ ಪಟ್ಟಿ ಮುಗಿದ ಮೇಲೆ ಒಂದು ಖಾಲಿ ಸಾಲು ಇರಲೇಬೇಕು, ಅಲ್ಲಿಗೇ ಫೈಲ್ ಮುಗಿದರೂ ಸರಿ. ಪೈಥಾನ್ ಕೋಡ್ ಚೆನ್ನಾಗಿ ಕಾಣಲಿ ಅಂತ ನಾನು ಸೇವ್ ಮಾಡುವಾಗ ಕೊನೆಯ ಖಾಲಿ ಸಾಲುಗಳನ್ನು ತೆಗೆದುಹಾಕುವ ಸೆಟ್ಟಿಂಗ್ ಆನ್ ಮಾಡಿಟ್ಟಿದ್ದೆ. ಅದು ಇನ್‌ಪುಟ್ ಫೈಲ್‌ಗೂ ಅನ್ವಯ ಆಗುತ್ತದೆ ಅಂತ ಹೊಳೆಯಲೇ ಇಲ್ಲ. ಕ್ಲಸ್ಟರ್‌ನ (ಹಲವರು ಹಂಚಿಕೊಳ್ಳುವ ಕಂಪ್ಯೂಟರ್‌ಗಳ ಗುಂಪಿನ) ಕ್ಯೂನಲ್ಲಿ ರಾತ್ರಿಯಿಡೀ ಕಾದ ಜಾಬ್ ಬೆಳಗ್ಗೆ ಶುರುವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತಿತ್ತು. ಖಾಲಿ ಸಾಲು ಸೇರಿಸಿದೆ, ಸೇವ್ ಮಾಡಿದೆ, ಎಡಿಟರ್ ಮತ್ತೆ ತೆಗೆಯಿತು, ಮತ್ತೆ ಅದೇ ಎರರ್. ಮೂರನೇ ಸಲಕ್ಕೆ ಗೊತ್ತಾಯಿತು. ಅದಕ್ಕೇ ಸೇವ್ ಮಾಡುವಾಗ ಫಾರ್ಮ್ಯಾಟ್ ಮಾಡುವುದು, ಸಾಲಿನ ಕೊನೆಯ ಸ್ಪೇಸ್ ಒರೆಸುವುದು, ಕೊನೆಯ ಖಾಲಿ ಸಾಲು ತೆಗೆಯುವುದು, ಈ ಮೂರನ್ನೂ ಇನ್‌ಪುಟ್ ಫೈಲ್ ಇರುವ ಫೋಲ್ಡರ್‌ನಲ್ಲಿ ಆಫ್ ಮಾಡಿ. ವಿಎಸ್ ಕೋಡ್‌ನಲ್ಲಿ ಯೂಸರ್ ಸೆಟ್ಟಿಂಗ್ ಬೇರೆ, ವರ್ಕ್‌ಸ್ಪೇಸ್ ಸೆಟ್ಟಿಂಗ್ ಬೇರೆ. ವರ್ಕ್‌ಸ್ಪೇಸ್‌ನಲ್ಲಿ ಆಫ್ ಮಾಡಿದರೆ ಪೈಥಾನ್ ಕೆಲಸಕ್ಕೆ ತೊಂದರೆ ಇಲ್ಲ.

ಇನ್ನು ಕಾಲಮ್ ವಿಷಯ, ಅಂದ್ರೆ ಸಾಲಿನಲ್ಲಿ ಅಕ್ಷರ ಎಷ್ಟನೇ ಮನೆಯಲ್ಲಿದೆ ಅನ್ನೋದು. ಇದೇ ಜಾಸ್ತಿ ಅಪಾಯ, ಯಾಕಂದ್ರೆ ಎರರ್ ಬರದೇ ತಪ್ಪು ಉತ್ತರ ಬರಬಹುದು. ಹಳೆಯ ಫಾರ್ಮ್ಯಾಟ್‌ಗಳು ಹಲವು 80 ಕಾಲಮ್‌ನ ಪಂಚ್ ಕಾರ್ಡ್ ಕಾಲದವು. ಅಲ್ಲಿ ಸಂಖ್ಯೆ ಯಾವುದು ಅನ್ನುವುದು ಅದು ಕೂತ ಜಾಗದಿಂದ ತೀರ್ಮಾನ ಆಗುತ್ತದೆ, ನಡುವೆ ಸ್ಪೇಸ್ ಇದೆಯೋ ಇಲ್ಲವೋ ಅನ್ನೋದರಿಂದ ಅಲ್ಲ. ರಚನೆಗಳ ಬಲ ಲೆಕ್ಕ ಹಾಕುವ ನಾಸ್ಟ್ರಾನ್‌ನಲ್ಲಿ ಸಣ್ಣ ಫೀಲ್ಡ್ (ಒಂದು ಬೆಲೆಗೆ ಮೀಸಲಾದ ಜಾಗ) ಅಂದ್ರೆ 8 ಅಕ್ಷರ. ಪರಮಾಣುಗಳ ಸ್ಥಾನ ಬರೆದಿಡುವ ಪಿಡಿಬಿ ಫೈಲ್‌ನಲ್ಲಿ ಎಕ್ಸ್ ಬೆಲೆ 31ರಿಂದ 38ನೇ ಕಾಲಮ್, ವೈ 39ರಿಂದ 46, ಜೆಡ್ 47ರಿಂದ 54.

ಒಂದು ಸಾಲು ತೆಗೆದುಕೊಳ್ಳೋಣ. ಎಕ್ಸ್ 12.345, ವೈ 8.210, ಜೆಡ್ 4.500. ಎಕ್ಸ್ ಮೈನಸ್ ಆಗಬೇಕಿತ್ತು ಅಂತ ನೆನಪಾಯಿತು, 1ರ ಮುಂದೆ ಕರ್ಸರ್ ಇಟ್ಟು ಮೈನಸ್ ಒತ್ತಿದಿರಿ. ನೋಡಲು ಎಲ್ಲ ಸರಿ. ಆದರೆ ಬಲಗಡೆ ಇದ್ದದ್ದೆಲ್ಲ ಒಂದು ಮನೆ ಸರಿಯಿತು. ಎಕ್ಸ್‌ನ ಕೊನೆಯ 5 ಈಗ ವೈ ಜಾಗದ ಮೊದಲ ಮನೆಯಲ್ಲಿದೆ, ವೈನ ಕೊನೆಯ 0 ಜೆಡ್ ಜಾಗಕ್ಕೆ ಹೋಗಿದೆ. ಕಾಲಮ್ ಲೆಕ್ಕದಲ್ಲಿ ಓದುವ ಫೋರ್ಟ್ರಾನ್ ಭಾಷೆಯ ಪ್ರೋಗ್ರಾಂ ಸಾಮಾನ್ಯವಾಗಿ ಅಂಕಿಗಳ ನಡುವಿನ ಸ್ಪೇಸ್ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಅದು ಎಕ್ಸ್ ಅನ್ನು -12.34 ಅಂತ ಓದುತ್ತದೆ, ಜೆಡ್ ಅನ್ನು 4.50 ಅಂತ ಓದುತ್ತದೆ, ವೈ ಅನ್ನು 58.21 ಅಂತ! ಒಂದು ಪರಮಾಣು 50 ಆಂಗ್‌ಸ್ಟ್ರಾಮ್ ಹಾರಿ ಹೋಯಿತು, ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಇದಕ್ಕೆ ಮದ್ದು ರೂಲರ್. ವಿಎಸ್ ಕೋಡ್‌ನ ರೂಲರ್ ಸೆಟ್ಟಿಂಗ್‌ನಲ್ಲಿ 30, 38, 46, 54 ಅಂತ ಕೊಡಿ, ಫೀಲ್ಡ್‌ಗಳ ನಡುವೆ ನೇರ ಗೆರೆ ಬೀಳುತ್ತದೆ, ಗೆರೆ ದಾಟಿದ ಅಂಕಿ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ವಿಮ್‌ನಲ್ಲಿ ಇದರ ಹೆಸರು ಕಲರ್‌ಕಾಲಮ್, ಅದು ಗೆರೆ ಎಳೆಯದೆ ಆ ಕಾಲಮ್‌ಗೇ ಬಣ್ಣ ಬಳಿಯುತ್ತದೆ, ಹಾಗಾಗಿ ಅಲ್ಲಿ 31, 39, 47, 55 ಕೊಡಬೇಕು. ಫಾಂಟ್ ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಮಾನೋಸ್ಪೇಸ್ ಇರಬೇಕು, ಇಲ್ಲದಿದ್ದರೆ ರೂಲರ್ ಇದ್ದೂ ದಂಡ. ಉದ್ದ ಸಾಲು ಮಡಚಿ ತೋರಿಸುವ ವರ್ಡ್ ರ‍್ಯಾಪ್ ಆಫ್ ಇರಲಿ. ಸಂಖ್ಯೆ ತಿದ್ದುವಾಗ ಹೊಸದಾಗಿ ತುರುಕಬೇಡಿ, ಇದ್ದದ್ದರ ಮೇಲೆಯೇ ಬರೆಯಿರಿ: ವಿಮ್‌ನಲ್ಲಿ ದೊಡ್ಡ ಆರ್ ಒತ್ತಿದರೆ ಆಯಿತು, ಎಷ್ಟೋ ಎಡಿಟರ್‌ಗಳಲ್ಲಿ ಇನ್ಸರ್ಟ್ ಕೀಲಿಯೇ ಈ ಕೆಲಸ ಮಾಡುತ್ತದೆ.

ಟ್ಯಾಬ್ ಒತ್ತಿದರೆ ಸ್ಪೇಸ್‌ಗಳೇ ಬೀಳುವಂತೆ ಮಾಡಿ. ಪರದೆ ಮೇಲೆ ಟ್ಯಾಬ್ ಎಂಟು ಮನೆ ಅಗಲ ಕಂಡರೂ ಫೈಲ್‌ನಲ್ಲಿ ಅದು ಒಂದೇ ಅಕ್ಷರ, ಕಾಲಮ್ ಲೆಕ್ಕ ಅಲ್ಲಿಗೇ ತಪ್ಪುತ್ತದೆ. ವಿಮ್‌ನಲ್ಲಿ ಇದು ಎಕ್ಸ್‌ಪ್ಯಾಂಡ್‌ಟ್ಯಾಬ್. ವಿಎಸ್ ಕೋಡ್‌ನಲ್ಲಿ ಒಂದು ಕಿತಾಪತಿ ಇದೆ: ನೀವು ಸ್ಪೇಸ್ ಬೇಕು ಅಂತ ಹೇಳಿದ್ದರೂ, ತೆರೆದ ಫೈಲ್‌ನಲ್ಲಿ ಆಗಲೇ ಟ್ಯಾಬ್ ಇದ್ದರೆ ಅದು ಅದನ್ನೇ ಅನುಸರಿಸುತ್ತದೆ. ಡಿಟೆಕ್ಟ್ ಇಂಡೆಂಟೇಶನ್ ಅನ್ನುವುದನ್ನು ಆಫ್ ಮಾಡಿದರೆ ಮಾತ್ರ ನಿಮ್ಮ ಮಾತು ನಡೆಯುತ್ತದೆ. ಜೊತೆಗೆ ರೆಂಡರ್ ವೈಟ್‌ಸ್ಪೇಸ್ ಆನ್ ಇರಲಿ, ಸ್ಪೇಸ್ ಚುಕ್ಕಿಯಾಗಿ, ಟ್ಯಾಬ್ ಬಾಣವಾಗಿ ಕಾಣುತ್ತದೆ. ಮೊದಮೊದಲು ಕಿರಿಕಿರಿ ಅನ್ನಿಸಬಹುದು, ಆಮೇಲೆ ಅದಿಲ್ಲದೆ ಫೈಲ್ ತೆರೆಯೋಕೇ ಭಯ ಆಗುತ್ತದೆ.

ವಿಂಡೋಸ್‌ನಲ್ಲಿ ಬರೆದು ಲಿನಕ್ಸ್ ಕ್ಲಸ್ಟರ್‌ಗೆ ಕಳಿಸುವವರಿಗೆ ಸಾಲಿನ ಕೊನೆಯದ್ದು ನಿತ್ಯದ ತಲೆನೋವು. ವಿಂಡೋಸ್ ಎರಡು ಗುರುತು (ಸಿಆರ್, ಎಲ್‌ಎಫ್) ಹಾಕುತ್ತದೆ, ಲಿನಕ್ಸ್‌ಗೆ ಒಂದೇ (ಎಲ್‌ಎಫ್) ಸಾಕು. ಉಳಿದ ಇನ್ನೊಂದು ಗುರುತು ಸಾಲಿನ ಕೊನೆಯ ಪದಕ್ಕೆ ಅಂಟಿಕೊಳ್ಳುತ್ತದೆ. ಆ ಪದ ಫೈಲ್ ಹೆಸರಾಗಿದ್ದರೆ, ಫೈಲ್ ಕಣ್ಣೆದುರಿಗೇ ಇದ್ದರೂ ಸಿಗುತ್ತಿಲ್ಲ ಅಂತ ಪ್ರೋಗ್ರಾಂ ಹಟ ಹಿಡಿಯುತ್ತದೆ. ಕ್ಲಸ್ಟರ್‌ನ ಕ್ಯೂ ನೋಡಿಕೊಳ್ಳುವ ಸ್ಲರ್ಮ್ ಆದರೆ ಜಾಬ್ ಸ್ಕ್ರಿಪ್ಟ್‌ನಲ್ಲಿ ಡಾಸ್ (ಅಂದ್ರೆ ವಿಂಡೋಸ್ ಥರದ) ಸಾಲುಗಳಿವೆ ಅಂತ ಹೇಳಿಯೇ ವಾಪಸ್ ಕಳಿಸುತ್ತದೆ, ಎಲ್ಲ ಪ್ರೋಗ್ರಾಂಗೂ ಅಷ್ಟು ಕರುಣೆ ಇರಲ್ಲ. ವಿಎಸ್ ಕೋಡ್‌ನ ಕೆಳಗಿನ ಪಟ್ಟಿಯಲ್ಲಿ ಬಲಗಡೆ ಸಿಆರ್‌ಎಲ್‌ಎಫ್ ಅಂತ ಇದ್ದರೆ ಕ್ಲಿಕ್ ಮಾಡಿ ಎಲ್‌ಎಫ್ ಮಾಡಿ. ಆಗಲೇ ಕಳಿಸಿಬಿಟ್ಟಿದ್ದರೆ ಕ್ಲಸ್ಟರ್‌ನಲ್ಲೇ ಡಾಸ್‌ಟುಯುನಿಕ್ಸ್ ಕಮಾಂಡ್ ಓಡಿಸಿ. ಅಂದಹಾಗೆ ವಿಂಡೋಸ್‌ನ ನೋಟ್‌ಪ್ಯಾಡ್ ಬರೀ ಎಲ್‌ಎಫ್ ಇರುವ ಫೈಲನ್ನು ಸರಿಯಾಗಿ ತೋರಿಸೋಕೆ ಶುರು ಮಾಡಿದ್ದೇ 2018ರಲ್ಲಿ. ಅದಕ್ಕೆ ಮುಂಚೆ ಇಡೀ ಫೈಲ್ ಒಂದೇ ಸಾಲಾಗಿ ಕಾಣುತ್ತಿತ್ತು.

ಪಿಡಿಎಫ್‌ನಿಂದ ಕಾಪಿ ಮಾಡುವ ಅಭ್ಯಾಸ ಇದೆಯಾ? ಅಲ್ಲಿನ ಮೈನಸ್ ಎಷ್ಟೋ ಸಲ ಕೀಬೋರ್ಡ್‌ನ ಮೈನಸ್ ಅಲ್ಲ, ಬೇರೆಯೇ ಯುನಿಕೋಡ್ ಅಕ್ಷರ. ಉದ್ಧರಣ ಚಿಹ್ನೆ ಬಾಗಿದ್ದಾಗಿರಬಹುದು, ಸ್ಪೇಸ್ ಕೂಡ ಬೇರೆ ಜಾತಿಯದ್ದಾಗಿರಬಹುದು. ವಿಎಸ್ ಕೋಡ್ ಇಂಥ ಕೆಲವು ಅಕ್ಷರಗಳ ಸುತ್ತ ಹಳದಿ ಚೌಕ ಹಾಕಬಹುದು, ಕಂಡರೆ ಕಡೆಗಣಿಸಬೇಡಿ. ಫೈಲ್ ಸೇವ್ ಆಗಬೇಕಾದ್ದು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ, ಆದರೆ ಬಾಮ್ ಇಲ್ಲದೆ. ಬಾಮ್ ಅಂದ್ರೆ ಫೈಲ್ ಶುರುವಿನಲ್ಲಿ ಕೂರುವ 3 ಬೈಟ್, ಅದಿದ್ದರೆ ಕೆಲವು ಪ್ರೋಗ್ರಾಂಗಳು ಮೊದಲ ಪದವನ್ನೇ ಗುರುತಿಸಲ್ಲ.

ಬಣ್ಣದ ಬಗ್ಗೆ. ಸಿಂಟ್ಯಾಕ್ಸ್ ಹೈಲೈಟಿಂಗ್ ಶೋಕಿ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಕೀವರ್ಡ್‌ಗಳ ಪಟ್ಟಿ ಇಟ್ಟುಕೊಂಡು ಬಣ್ಣ ಹಾಕುವ ಎಕ್ಸ್‌ಟೆನ್ಶನ್ (ಎಡಿಟರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಅಂದ್ರೆ ಕಾಗುಣಿತ ನೋಡುವವನಿದ್ದ ಹಾಗೆ. ವಸ್ತುಗಳ ಎಲೆಕ್ಟ್ರಾನ್ ಲೆಕ್ಕ ಹಾಕುವ ವ್ಯಾಸ್ಪ್ ಪ್ರೋಗ್ರಾಂನ ಇನ್‌ಕಾರ್ ಅನ್ನೋ ಸೆಟ್ಟಿಂಗ್ ಫೈಲ್‌ನಲ್ಲಿ ಎನ್‌ಕಟ್ (ಶಕ್ತಿಯ ಕಟ್‌ಆಫ್ ಹೇಳುವ ಟ್ಯಾಗ್) ಬರೆಯುವಾಗ ಒಂದು ಅಕ್ಷರ ತಪ್ಪಿದರೆ ಆ ಸಾಲನ್ನು ವ್ಯಾಸ್ಪ್ ಸುಮ್ನೆ ಬಿಟ್ಟು, ಪೋಟ್‌ಕಾರ್ ಅನ್ನೋ ಇನ್ನೊಂದು ಇನ್‌ಪುಟ್ ಫೈಲ್‌ನಿಂದ ಸಿಗುವ ಡೀಫಾಲ್ಟ್ ಕಟ್‌ಆಫ್ ಹಿಡಿದುಕೊಂಡು ಮುಂದೆ ಹೋಗಿಬಿಡಬಹುದು. ಬಣ್ಣ ಬರದ ಟ್ಯಾಗ್ ಕಂಡರೆ ಅಲ್ಲೇ ನಿಲ್ಲುತ್ತೀರಿ. ಇನ್‌ಕಾರ್ ಫೈಲ್‌ನ ಹೆಸರಿಗೆ .txt ಥರದ ಬಾಲ ಇಲ್ಲದ ಕಾರಣ ಎಡಿಟರ್‌ಗೆ ಅದು ಏನು ಅಂತ ತಾನಾಗಿ ತಿಳಿಯದೇ ಇರಬಹುದು, ಫೈಲ್ ಅಸೋಸಿಯೇಶನ್ ಸೆಟ್ಟಿಂಗ್‌ನಲ್ಲಿ ಒಂದು ಸಲ ಹೇಳಿಕೊಡಿ. ಲ್ಯಾಂಪ್ಸ್, ಕ್ವಾಂಟಮ್ ಎಸ್ಪ್ರೆಸೊ, ಗ್ರೊಮ್ಯಾಕ್ಸ್ ಥರದ ಬೇರೆ ಸಿಮ್ಯುಲೇಶನ್ ಪ್ರೋಗ್ರಾಂಗಳಿಗೂ ಇಂಥ ಎಕ್ಸ್‌ಟೆನ್ಶನ್‌ಗಳಿವೆ.

ಕ್ಲಸ್ಟರ್‌ನಲ್ಲೇ ತಿದ್ದಬೇಕಾದಾಗ ನ್ಯಾನೋ ಅನ್ನೋ ಸರಳ ಎಡಿಟರ್ ಅಥವಾ ವಿಮ್ ಸ್ವಲ್ಪ ಗೊತ್ತಿದ್ದರೆ ಸಾಕು. ವಿಮ್‌ನಿಂದ ಹೊರಗೆ ಬರುವುದು ಕಲಿತರೆ ಅರ್ಧ ವಿಮ್ ಕಲಿತ ಹಾಗೆ. ಗಿಗಾಬೈಟ್ ಗಾತ್ರದ ಟ್ರಾಜೆಕ್ಟರಿ ಫೈಲನ್ನು (ಪರಮಾಣುಗಳ ಚಲನೆಯ ದಾಖಲೆ) ಮಾತ್ರ ಯಾವ ಎಡಿಟರ್‌ನಲ್ಲೂ ತೆರೆಯಬೇಡಿ, ಲೆಸ್ ಅಥವಾ ಟೇಲ್ ಕಮಾಂಡ್ ಬಳಸಿ.

ಜಾಬ್ ಹಾಕುವ ಮುಂಚೆ ನಾನು ಕ್ಯಾಟ್ ಕಮಾಂಡ್‌ಗೆ ಮೈನಸ್ ಮತ್ತು ದೊಡ್ಡ ಎ ಸೇರಿಸಿ ಫೈಲನ್ನು ಒಮ್ಮೆ ನೋಡುತ್ತೇನೆ. ಪ್ರತಿ ಸಾಲಿನ ಕೊನೆಗೆ ಡಾಲರ್ ಗುರುತು ಬರುತ್ತದೆ, ಟ್ಯಾಬ್ ಇದ್ದಲ್ಲಿ ಟೊಪ್ಪಿ ಗುರುತು (^) ಮತ್ತು ದೊಡ್ಡ ಐ ಕಾಣುತ್ತದೆ, ವಿಂಡೋಸ್ ಸಾಲಿನ ಕೊನೆಯಲ್ಲಿ ಡಾಲರ್‌ಗೆ ಮುಂಚೆ ಟೊಪ್ಪಿ ಮತ್ತು ದೊಡ್ಡ ಎಂ. ಗೌಸಿಯನ್ ಫೈಲ್ ಆದರೆ ಕೊನೆಯಲ್ಲಿ ಬರೀ ಡಾಲರ್ ಇರುವ ಒಂದು ಸಾಲು ಇದೆಯಾ ಅಂತ ಈಗಲೂ ಎರಡು ಸಲ ನೋಡುತ್ತೇನೆ.