ನಳಿಗೆಯೊಳಗಿನ ಕೊಳೆಗೆ ಒಂದೇ ಮದ್ದಿಲ್ಲ

ಕೋವಿಯ ನಳಿಗೆಗೆ ನೀರು ಸೋಕಿಸಬಾರದು, ಎಣ್ಣೆ ಮಾತ್ರ ಹಾಕಬೇಕು ಎಂಬ ಮಾತು ಕೋವಿ ಇರುವ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಎಂಬ ಆಯುಧಪೂಜೆಯ ಹಬ್ಬಕ್ಕೆ ಮನೆಯ ಕೋವಿಗಳೆಲ್ಲ ಹೊರಬರುತ್ತವೆ. ಒರೆಸಿ, ಉಜ್ಜಿ, ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡುತ್ತಾರೆ. ಅಷ್ಟು ಪ್ರೀತಿಯಿಂದ ಎಣ್ಣೆ ಕುಡಿಸಿಟ್ಟ ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಕೆಲವು ಸಲ ಕೆಂಗಂದು ತುಕ್ಕು ಕಾಣುತ್ತದೆ. ಆಗ ಬೈಗುಳ ತಿನ್ನುವುದು ಮಳೆ. ತಪ್ಪು ಮಳೆಯದಲ್ಲ. ಎಣ್ಣೆಗೆ ಕರಗದ ಕೊಳೆಯ ಮೇಲೆ ಎಣ್ಣೆ ಹಚ್ಚಿ ಇಟ್ಟದ್ದು ತಪ್ಪು.

ನಳಿಗೆ ತೊಳೆಯುವ ಬಾಟಲಿಗಳು ಮಾರುಕಟ್ಟೆಯಲ್ಲಿ ಹತ್ತಾರಿವೆ. ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ, ಒಳಗಿರುವ ಕೊಳೆ ಯಾವುದು ಎಂದು ಕೇಳುವವರು ಕಡಿಮೆ. ನಿಜವಾಗಿ ಬೇಕಾದ ಪ್ರಶ್ನೆ ಎರಡನೆಯದು. ಗುಂಡು ಹಾರಿದ ನಳಿಗೆಯಲ್ಲಿ ಉಪ್ಪು, ಮಸಿ, ಅರೆಬೆಂದ ಸಿಡಿಮದ್ದು, ತಾಮ್ರ, ಸೀಸ ಎಲ್ಲ ಸೇರಿಕೊಂಡಿರುತ್ತವೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಇವು ಬೇರೆಬೇರೆ ಜಾತಿಯವು. ಒಂದನ್ನು ಕರಗಿಸುವ ದ್ರವಕ್ಕೆ ಇನ್ನೊಂದು ಜಗ್ಗುವುದಿಲ್ಲ.

ಮೊದಲು ಉಪ್ಪಿನ ವಿಷಯ. ಇದರ ಹಿಂದೆ ದೊಡ್ಡ ಕಥೆಯೇ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಪ್ಪು ಮದ್ದು ಹೋಗಿ ಹೊಗೆಯಿಲ್ಲದ ಮದ್ದು ಬಂದಾಗ ರೈಫಲ್ ಹಿಡಿದವರೆಲ್ಲ ನಿಟ್ಟುಸಿರು ಬಿಟ್ಟರು, ಇನ್ನು ಕೊಳೆ ಕಡಿಮೆ ಎಂದು. ಕೊಳೆ ಕಡಿಮೆಯಾಯಿತು, ತುಕ್ಕು ಮಾತ್ರ ಹೆಚ್ಚಿತು. ಒಳಗೆ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ, ಎಣ್ಣೆ ಸವರಿ ಇಟ್ಟ ನಳಿಗೆ ಎರಡು ದಿನ ಬಿಟ್ಟು ನೋಡಿದರೆ ಕೆಂಪಾಗಿರುತ್ತಿತ್ತು. ಮದ್ದಿನ ಹೊಗೆ ಉಕ್ಕಿನ ರಂಧ್ರಗಳಲ್ಲಿ ಅವಿತು ಆಮೇಲೆ ಬೆವರಿನಂತೆ ಹೊರಬರುತ್ತದೆ ಎಂದು ಜನ ನಂಬಿದರು. ಮದ್ದಿನ ಆಮ್ಲವೇ ಕಾರಣ ಎಂದು ಇನ್ನು ಕೆಲವರು ವಾದಿಸಿದರು.

ಈ ಗಂಟನ್ನು ಬಿಡಿಸಿದವರು ಅಮೆರಿಕದ ಬ್ಯೂರೋ ಆಫ್ ಮೈನ್ಸ್‌ನ ರಸಾಯನಶಾಸ್ತ್ರಜ್ಞ ವಿಲ್ಬರ್ಟ್ ಹಫ್, 1922ರಲ್ಲಿ. ತಪ್ಪಿತಸ್ಥ ಮದ್ದಲ್ಲ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು. ಆ ಕಾಲದ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ತನ್ನಲ್ಲಿದ್ದ ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಕಣ್ಣಿಗೆ ಕಾಣದಷ್ಟು ತೆಳ್ಳಗೆ ಈ ಉಪ್ಪು ನಳಿಗೆಯ ಉದ್ದಕ್ಕೂ ಕೂತಿರುತ್ತದೆ.

ಈ ಉಪ್ಪಿಗೆ ಒಂದು ಗುಣವಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 84ಕ್ಕಿಂತ ಕೆಳಗಿದ್ದರೆ ಅದು ಒಣಗಿ ತೆಪ್ಪಗಿರುತ್ತದೆ. ಆ ಗೆರೆ ದಾಟಿತೋ, ಗಾಳಿಯಿಂದಲೇ ನೀರು ಎಳೆದುಕೊಂಡು ತಾನೇ ಅದರಲ್ಲಿ ಕರಗಿ ದ್ರಾವಣವಾಗುತ್ತದೆ. ಆ ದ್ರಾವಣದಲ್ಲಿರುವ ಕ್ಲೋರೈಡ್ ಅಯಾನುಗಳು ಉಕ್ಕಿನ ಮೇಲ್ಮೈಯನ್ನು ಕಾಯುವ ತೆಳು ಆಕ್ಸೈಡ್ ಪದರವನ್ನು ಒಡೆದು ಒಳಗೆ ಕುಳಿ ಕೊರೆಯುತ್ತವೆ. ಬಯಲುಸೀಮೆಯ ಬೇಸಗೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ನಳಿಗೆ ಮಡಿಕೇರಿಯ ಜುಲೈ ತಿಂಗಳಲ್ಲಿ ಒಂದು ರಾತ್ರಿಗೇ ತುಕ್ಕು ಹಿಡಿಯುವುದು ಇದರಿಂದ. ಮೇಲೆ ಎಣ್ಣೆ ಇದೆಯಲ್ಲ ಎನ್ನಬೇಡಿ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಎಣ್ಣೆ ಪದರದ ಅಡಿಯಲ್ಲಿ ಹಾಗೆಯೇ ಕೂತಿರುತ್ತದೆ. ನೀರಾವಿಗೆ ಆ ತೆಳು ಪದರವನ್ನು ದಾಟಿ ಒಳಹೋಗುವುದು ಕಷ್ಟವೂ ಅಲ್ಲ.

ಹಾಗಾದರೆ ಉಪ್ಪನ್ನು ತೆಗೆಯುವುದು ಯಾವುದು? ನೀರು. ಅದೂ ಕುದಿಯುವ ನೀರು. ಪೊಟ್ಯಾಸಿಯಂ ಕ್ಲೋರೈಡ್ 20 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಸುಮಾರು 34 ಗ್ರಾಂ ಕರಗಿದರೆ, ಕುದಿಯುವ ನೀರಿನಲ್ಲಿ 56 ಗ್ರಾಂ ಕರಗುತ್ತದೆ. ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ: ಬಿಸಿನೀರು ಹರಿದ ನಳಿಗೆ ಕೈಸುಡುವಷ್ಟು ಕಾಯುತ್ತದೆ, ನೀರು ನಿಂತ ಮರುಗಳಿಗೆ ತನ್ನ ಬಿಸಿಗೆ ತಾನೇ ಒಣಗುತ್ತದೆ. ತಣ್ಣೀರು ಹಾಕಿದರೆ ಮೂಲೆಯಲ್ಲಿ ತೇವ ಉಳಿಯುವ ಭಯ ನ್ಯಾಯವಾದದ್ದೇ, ಕುದಿನೀರಿಗೆ ಆ ಭಯ ಬೇಡ. ಲೀ–ಎನ್‌ಫೀಲ್ಡ್ ರೈಫಲ್ ಹೊತ್ತ ಬ್ರಿಟಿಷ್ ಸೇನೆ ನಳಿಗೆಯ ಹಿಂಬದಿಗೆ ಕೂರುವ ಆಲಿಕೆಯನ್ನೇ ಮಾಡಿಸಿ ಕುದಿನೀರು ಹೊಯ್ಯಿಸುತ್ತಿತ್ತು. ಹಫ್ ಉತ್ತರ ಹುಡುಕುವ ಮೊದಲೇ ಅನುಭವದಿಂದ ಸರಿಯಾದ ದಾರಿ ಹಿಡಿದಿದ್ದರು.

1920ರ ದಶಕದ ಕೊನೆಯಿಂದ ಕ್ಲೋರೇಟ್ ಇಲ್ಲದ ಕೇಪುಗಳು ಹೆಚ್ಚಾಗಿ ಬರತೊಡಗಿದವು. ಈಗ ಅಂಗಡಿಯಲ್ಲಿ ಸಿಗುವ ತೋಟಾಗಳಲ್ಲಿ ಈ ಉಪ್ಪಿನ ಕಾಟ ಸಾಮಾನ್ಯವಾಗಿ ಇಲ್ಲ. ಆದರೆ ಸೇನೆಯ ಹಳೆಯ .303 ತೋಟಾಗಳ ವಿಷಯದಲ್ಲಿ ಎಚ್ಚರ ಬೇಕೇಬೇಕು. ಕೇಪಿನ ಕೋವಿಗೆ ಕಪ್ಪು ಮದ್ದು ತುಂಬಿ ಹೊಡೆಯುವವರಿಗಂತೂ ಕುದಿನೀರು ಬಿಟ್ಟು ಬೇರೆ ಗತಿಯಿಲ್ಲ. ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು, ಗಂಧಕ ಸೇರಿದ ಈ ಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್, ಎಲ್ಲ ನೀರಿಗೆ ಕರಗುವವೇ. ಸೋಪು ಬೆರೆಸಿದ ಬಿಸಿನೀರು ಹೊಯ್ದಾಗ ಕಪ್ಪು ರಾಡಿ ಇಳಿಯುತ್ತದೆ, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಸಲ್ಫೈಡ್ ನೀರಿನೊಂದಿಗೆ ವರ್ತಿಸಿ ಹೈಡ್ರೋಜನ್ ಸಲ್ಫೈಡ್ ಬಿಡುವುದರಿಂದ ಬರುವ ವಾಸನೆ ಅದು. ಮೂರನೆಯ ಸಲ ಹೊಯ್ಯುವ ಹೊತ್ತಿಗೆ ನೀರು ತಿಳಿಯಾಗಿ, ವಾಸನೆ ಹೋಗಿರುತ್ತದೆ.

ಈ ಘನಕೊಳೆ ನಮ್ಮ ಇತಿಹಾಸದಲ್ಲೂ ಕೈಯಾಡಿಸಿದೆ. 1857ರ ಎನ್‌ಫೀಲ್ಡ್ ರೈಫಲ್‌ಗೆ ಮದ್ದು–ಗುಂಡು ಎರಡನ್ನೂ ನಳಿಗೆಯ ಬಾಯಿಯಿಂದಲೇ ತುಂಬಬೇಕಿತ್ತು. ಒಣಹವೆಯಲ್ಲಿ ಕೆಲವು ಸುತ್ತು ಹೊಡೆದರೆ ಕೊಳೆ ಗಟ್ಟಿ ಹಕ್ಕಳೆಯಾಗಿ ಗುಂಡು ಇಳಿಯುತ್ತಿರಲಿಲ್ಲ. ಅದನ್ನು ಮೆತ್ತಗಿಡಲೆಂದೇ ತೋಟಾದ ಕಾಗದಕ್ಕೆ ಕೊಬ್ಬು ಸವರುತ್ತಿದ್ದರು. ಆ ಕೊಬ್ಬು ದನದ್ದು, ಹಂದಿಯದ್ದು ಎಂಬ ಸುದ್ದಿ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್‌ನಿಂದ ಹಬ್ಬಿತು. ಜೇನುಮೇಣ, ಎಣ್ಣೆ ಏನಾದರೂ ಹಚ್ಚಿಕೊಳ್ಳಿ ಎಂದು ಆಮೇಲೆ ಹೇಳಿದರೂ ಸಿಪಾಯಿಗಳ ನಂಬಿಕೆ ಮುರಿದುಹೋಗಿತ್ತು. ರಸಾಯನಶಾಸ್ತ್ರದ ದೃಷ್ಟಿಯಿಂದ ಯಾವ ಮೆತ್ತನೆಯ ಕೊಬ್ಬಾದರೂ ನಡೆಯುತ್ತಿತ್ತು. ಮೊದಲ ದಿನವೇ ಇದನ್ನು ಯೋಚಿಸಬೇಕಿತ್ತು ಎಂದು ನನಗೆ ಈ ಅಧ್ಯಾಯ ಓದಿದಾಗಲೆಲ್ಲ ಅನ್ನಿಸುತ್ತದೆ.

ಇನ್ನು ಸೀಮೆಎಣ್ಣೆ. ಜಿಡ್ಡು, ಮೇಣ, ಹಳೆಯ ಎಣ್ಣೆಯ ಅಂಟು ತೆಗೆಯಲು ಸೀಮೆಎಣ್ಣೆ ಒಳ್ಳೆಯದು, ಅಗ್ಗವೂ ಹೌದು. ಆದರೆ ಹೊಗೆಯಿಲ್ಲದ ಮದ್ದಿನ ಮುಖ್ಯ ಭಾಗವಾದ ನೈಟ್ರೋಸೆಲ್ಯುಲೋಸ್ ಅದರಲ್ಲಿ ಕರಗುವುದಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಈ ಮದ್ದನ್ನು ರೈಫಲ್‌ಗೆ ಒಗ್ಗುವಂತೆ ಮೊದಲು ತಯಾರಿಸಿದಾಗ ನೈಟ್ರೋಸೆಲ್ಯುಲೋಸನ್ನು ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಲೋಳೆಯಾಗಿಸಿದ್ದ. ಬ್ರಿಟಿಷರ ಹೊಗೆಯಿಲ್ಲದ ಮದ್ದಾದ ಕಾರ್ಡೈಟ್‌ಗೆ ಅಸಿಟೋನ್ ಬೇಕಾಯಿತು. ನಮ್ಮ ಪಕ್ಕದ ನೀಲಗಿರಿಯ ಅರುವಂಕಾಡಿನಲ್ಲಿ 1903ರಲ್ಲಿ ಶುರುವಾದ ಕಾರ್ಡೈಟ್ ಕಾರ್ಖಾನೆ ಈ ಪರಂಪರೆಯದೇ. ಮದ್ದನ್ನು ಹದಮಾಡುವಾಗ ಮೆತ್ತಗೆ ಮಾಡಿದ ದ್ರವಗಳ ಬಳಗವೇ ಅರೆಬೆಂದು ಉಳಿದ ಮದ್ದನ್ನೂ ಮೆತ್ತಗೆ ಮಾಡಬೇಕು. ಅದೇ 1903ರಲ್ಲಿ ಅಮೆರಿಕದ ಫ್ರಾಂಕ್ ಆಗಸ್ಟ್ ಹೊಪ್ಪೆ ಮಾರುಕಟ್ಟೆಗೆ ತಂದ ‘ಹೊಪ್ಪೆಸ್ ನಂಬರ್ 9’ ದ್ರಾವಕದ ಬಾಳೆಹಣ್ಣಿನಂಥ ಪರಿಮಳ ಅಮೈಲ್ ಅಸಿಟೇಟ್‌ನದು. ಅದು ನೈಟ್ರೋಸೆಲ್ಯುಲೋಸನ್ನು ಚೆನ್ನಾಗಿ ಕರಗಿಸುತ್ತದೆ. ಪರಿಮಳಕ್ಕೆಂದು ಹಾಕಿದ್ದಾರೆ ಎಂದುಕೊಂಡವರು ಬಹಳ ಮಂದಿ.

ಬೆಂದು ಕಪ್ಪಾದ ಮಸಿಯನ್ನು, ಅಂದರೆ ಶುದ್ಧ ಇಂಗಾಲವನ್ನು, ಕರಗಿಸುವ ದ್ರಾವಕ ಜಗತ್ತಿನಲ್ಲೇ ಇಲ್ಲ. ಯಾವ ಜಾಹೀರಾತು ಏನೇ ಹೇಳಲಿ. ದ್ರವ ಮಾಡುವುದೇನೆಂದರೆ ಮಸಿಯನ್ನು ಹಿಡಿದಿಟ್ಟ ಅಂಟನ್ನು ಸಡಿಲಿಸುವುದು, ಉಳಿದದ್ದು ಬ್ರಷ್‌ನ ಕೆಲಸ. ಹತ್ತು–ಹದಿನೈದು ನಿಮಿಷ ನೆನೆಯಲು ಬಿಟ್ಟು ಆಮೇಲೆ ಉಜ್ಜಿದರೆ ಅರ್ಧ ಶ್ರಮ ಉಳಿಯುತ್ತದೆ.

ನನಗೆ ಅತ್ಯಂತ ಇಷ್ಟವಾದ ಭಾಗ ತಾಮ್ರ. ರೈಫಲ್ ಗುಂಡಿನ ಹೊರಕವಚ ಹೆಚ್ಚಾಗಿ ತಾಮ್ರದ್ದು, ಶೇ. 5ರಿಂದ 10ರಷ್ಟು ಸತು ಬೆರೆತಿರುತ್ತದೆ. ಸುರುಳಿ ಸುತ್ತಿದ ತೋಡುಗಳ ನಡುವೆ ಗುಂಡು ತೂರಿಹೋಗುವಾಗ ಆ ಕವಚ ಸವೆದು ಉಕ್ಕಿಗೆ ಮೆತ್ತಿಕೊಳ್ಳುತ್ತದೆ. ಇದನ್ನು ಎಣ್ಣೆ, ನೀರು, ಅಸಿಟೋನ್ ಯಾವುದೂ ಮುಟ್ಟುವುದಿಲ್ಲ. ತಾಮ್ರದ ಚೊಂಬನ್ನು ಹುಣಸೆಹಣ್ಣಿನಿಂದ ಬೆಳಗುವವರಿಗೆ ಗೊತ್ತು, ಹುಳಿ ತೆಗೆಯುವುದು ಮೇಲಿನ ಕಿಲುಬನ್ನು ಮಾತ್ರ, ಚೊಂಬು ಹಾಗೇ ಉಳಿಯುತ್ತದೆ. ನಳಿಗೆಯಲ್ಲಿ ತೆಗೆಯಬೇಕಾದದ್ದು ಕಿಲುಬನ್ನಲ್ಲ, ಲೋಹವನ್ನೇ.

ಅದಕ್ಕೆ ಬೇಕಾದದ್ದು ಅಮೋನಿಯ. ಅಮೋನಿಯ ಒಂದೇ ಇದ್ದರೂ ಸಾಲದು. ಲೋಹವಾಗಿ ಕೂತ ತಾಮ್ರದ ಪರಮಾಣುವಿನಿಂದ ಮೊದಲು ಎಲೆಕ್ಟ್ರಾನ್‌ಗಳನ್ನು ಕಿತ್ತುಕೊಳ್ಳಬೇಕು, ಆ ಕೆಲಸ ಗಾಳಿಯ ಆಮ್ಲಜನಕದ್ದು. ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರದ ಅಯಾನನ್ನು ಅಮೋನಿಯದ ಅಣುಗಳು ಸುತ್ತುವರಿದು, ಮತ್ತೆ ಮೇಲ್ಮೈಗೆ ಅಂಟದಂತೆ ದ್ರವದೊಳಕ್ಕೆ ಎತ್ತಿಕೊಂಡು ಹೋಗುತ್ತವೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಅಯಾನಿನ ಸುತ್ತ ನಾಲ್ಕು ಅಮೋನಿಯ ಕೂತಾಗ ಹುಟ್ಟುವುದೇ ಆ ಗಾಢ ನೀಲಿ. ಒಂದೇ ಎಲೆಕ್ಟ್ರಾನ್ ಕಳೆದುಕೊಂಡಿದ್ದರೆ ಬಣ್ಣವೇ ಇರುವುದಿಲ್ಲ. ಹಾಗಾಗಿ ನಳಿಗೆಯಿಂದ ಹೊರಬಂದ ಬಟ್ಟೆಚೂರು ಮೊದಲು ಪೇಲವವಾಗಿ ಕಂಡು, ಮೇಜಿನ ಮೇಲೆ ಗಾಳಿಗೆ ಬಿದ್ದಿರುವಾಗ ಅಂಚಿನಿಂದ ನೀಲಿಯೇರುವುದೂ ಉಂಟು. ಕಣ್ಣೆದುರೇ ಉಳಿದ ಎಲೆಕ್ಟ್ರಾನ್ ಕಳಚುವುದನ್ನು ನೋಡುವ ಇಂಥ ಅವಕಾಶ ಪ್ರಯೋಗಾಲಯದ ಹೊರಗೆ ಎಷ್ಟು ಕಡೆ ಸಿಗುತ್ತದೆ! ಬಟ್ಟೆಯನ್ನು ತೆಗೆದ ಕೂಡಲೇ ಎಸೆಯದೆ ಐದು ನಿಮಿಷ ಬಿಟ್ಟು ನೋಡಿ.

ಒಂದು ಮೋಸದ ನೀಲಿಯೂ ಇದೆ. ಕಂಚಿನ ಬ್ರಷ್, ಬಟ್ಟೆ ಸಿಕ್ಕಿಸುವ ಹಿತ್ತಾಳೆಯ ಮೊನೆ, ಎರಡರಲ್ಲೂ ತಾಮ್ರವಿದೆ. ಅಮೋನಿಯ ಅವುಗಳನ್ನೂ ಕರಗಿಸಿ ಬಟ್ಟೆಗೆ ನೀಲಿ ಬಳಿಯುತ್ತದೆ. ನಳಿಗೆ ಎಂದೋ ಸ್ವಚ್ಛವಾಗಿದ್ದರೂ ಇನ್ನೂ ತಾಮ್ರವಿದೆ ಎಂದು ಜನ ಉಜ್ಜುತ್ತಲೇ ಇರುತ್ತಾರೆ. ತಾಮ್ರದ ದ್ರಾವಕ ಬಳಸುವಾಗ ನೈಲಾನ್ ಬ್ರಷ್ ಹಿಡಿಯಿರಿ.

ಹಿತ್ತಾಳೆಯ ಜೊತೆ ಅಮೋನಿಯದ ಹಳೆಯ ವೈರವೊಂದನ್ನೂ ಇಲ್ಲೇ ಹೇಳಬೇಕು. ಬ್ರಿಟಿಷ್ ಭಾರತದಲ್ಲಿ ಮಳೆಗಾಲ ಬಂದರೆ ಕುದುರೆಲಾಯಗಳಲ್ಲಿ ದಾಸ್ತಾನಿಟ್ಟ ಹಿತ್ತಾಳೆಯ ತೋಟಾಗಳು ತಾವಾಗಿ ಬಿರುಕು ಬಿಡುತ್ತಿದ್ದವು. ಕಾರಣ ಗೊತ್ತಾಗಿದ್ದು 1921ರಲ್ಲಿ: ಕುದುರೆಗಳ ಗಂಜಲದಿಂದ ಎದ್ದ ಅಮೋನಿಯ, ತೇವ, ಜೊತೆಗೆ ಹಿತ್ತಾಳೆಯನ್ನು ಎಳೆದು ರೂಪಿಸುವಾಗ ಅದರಲ್ಲಿ ಉಳಿದ ಬಿಗಿತ, ಮೂರೂ ಸೇರಿ ಸೀಳುತ್ತಿದ್ದವು. ನಿಮ್ಮ ಅಮೋನಿಯದ ಬಾಟಲಿಯನ್ನು ತೋಟಾದ ಪೆಟ್ಟಿಗೆಯ ಪಕ್ಕ ಇಡಬೇಡಿ. ಕಿಟಕಿ ತೆರೆದ ಜಾಗದಲ್ಲೇ ಕೆಲಸ ಮಾಡಿ, ಬ್ಲೀಚಿಂಗ್ ದ್ರವದೊಂದಿಗೆ ಎಂದೂ ಬೆರೆಸಬೇಡಿ. ಅದರಿಂದ ಹುಟ್ಟುವ ಕ್ಲೋರಮೀನ್ ಅನಿಲ ಶ್ವಾಸಕೋಶಕ್ಕೆ ವಿಷ.

.22 ರೈಫಲ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಡುವವರಿಗೆ ತಾಮ್ರಕ್ಕಿಂತ ಸೀಸದ ಚಿಂತೆ ಹೆಚ್ಚು. ವಿನೆಗರ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಹಾಕಿದರೆ ಸೀಸ ಕರಗುತ್ತದೆ ಎಂಬ ಸಲಹೆ ಓಡಾಡುತ್ತಿದೆ. ಕರಗುವುದು ನಿಜ. ಕರಗಿ ಆಗುವುದು ಲೆಡ್ ಅಸಿಟೇಟ್, ನೀರಿನಲ್ಲಿ ಸುಲಭವಾಗಿ ಬೆರೆತು ಮೈಗೆ ಸೇರುವ ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಮಾಡಲೇಬಾರದು. ಸೀಸ ಮೆದು ಲೋಹ, ಎಣ್ಣೆ ಹಚ್ಚಿದ ಕಂಚಿನ ಬ್ರಷ್‌ಗೆ ಬಿಟ್ಟುಬರುತ್ತದೆ. ಕೆಲಸವಾದ ಮೇಲೆ ಊಟಕ್ಕೆ ಕೂರುವ ಮುಂಚೆ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಉಪಕರಣದ ವಿಷಯದಲ್ಲಿ ಒಂದೇ ಮಾತು ಒತ್ತಿ ಹೇಳುತ್ತೇನೆ. ತೋಟಾ ಇಲ್ಲವೆಂದು ಎರಡು ಸಲ ನೋಡಿಕೊಂಡ ಮೇಲೆ, ಸಾಧ್ಯವಿದ್ದಲ್ಲೆಲ್ಲ ಹಿಂಬದಿಯಿಂದ ಬಾಯಿಯ ಕಡೆಗೆ ಸಲಾಕೆ ನೂಕಿ. ಗುಂಡು ನಳಿಗೆಯನ್ನು ಬಿಡುವ ಆ ಕೊನೆಯ ಅಂಚು ಸುತ್ತಲೂ ಸಮನಾಗಿರಬೇಕು. ಒಂದು ಕಡೆ ಸವೆದರೆ ಅನಿಲ ಅಲ್ಲಿ ಮೊದಲು ನುಗ್ಗಿ ಗುಂಡಿನ ಬುಡವನ್ನು ಓರೆಗೆ ತಳ್ಳುತ್ತದೆ. ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೆಯುವ ಹಗ್ಗ ಉಕ್ಕನ್ನು ಸವೆಸೀತೇ ಎನ್ನಬೇಡಿ. ಹಳೆಯ ಲೀ–ಎನ್‌ಫೀಲ್ಡ್‌ಗಳ ಬಾಯಲ್ಲಿ ಹಗ್ಗದ ಕೊರಕಲು ಬಿದ್ದಿರುವುದನ್ನು ಬೆರಳುಗುರಿನಿಂದಲೇ ಗುರುತಿಸಬಹುದು. ಒರೆಸುವ ಹಗ್ಗಕ್ಕೆ ಅಂಟಿದ ಧೂಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಅರದಂತೆ ತೇಯ್ದಿರುತ್ತದೆ. ಹಗ್ಗವನ್ನೇ ಬಳಸುವುದಾದರೆ ಒಗೆದು ಬಳಸಿ, ಓರೆಯಾಗಿ ಎಳೆಯದೆ ನಳಿಗೆಯ ನೇರಕ್ಕೆ ಎಳೆಯಿರಿ.

ಎಣ್ಣೆಯ ಸರದಿ ಬರುವುದು ಇದೆಲ್ಲ ಮುಗಿದು ನಳಿಗೆ ಪೂರ್ತಿ ಒಣಗಿದ ಮೇಲೆ. ಸ್ವಚ್ಛ ಉಕ್ಕಿನ ಮೇಲೆ ತೆಳು ಪದರ ಸಾಕು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಟ್ಟೆಯಾಡಿಸಿ ಬಣ್ಣ ನೋಡಿ. ಕಂದು ಬಂದರೆ ಎಲ್ಲೋ ಉಪ್ಪು ಉಳಿದಿರಬಹುದು, ಮತ್ತೆ ನೀರು ಕಾಯಿಸಿ. ಮುಂದಿನ ಸಲ ಗುಂಡು ಹಾರಿಸುವ ಮುನ್ನ ಆ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ ತೆಗೆಯುವುದು ಕಡ್ಡಾಯ. ಎಣ್ಣೆ ನಿಂತ ನಳಿಗೆಯ ಮೊದಲ ಗುಂಡು ಉಳಿದವುಗಳ ಜಾಗಕ್ಕೆ ಬೀಳದೆ ಬೇರೆಡೆ ಹೋಗಬಹುದು, ಎಣ್ಣೆ ಹೆಚ್ಚೇ ನಿಂತಿದ್ದರೆ ಒಳಗಿನ ಒತ್ತಡವೂ ಅಪಾಯದ ಮಟ್ಟಕ್ಕೆ ಏರಬಹುದು.