ರೈಲು ನಿಲ್ಲದಾದ ಮೇಲೆ: ಚಿತ್ರದುರ್ಗ ಸೀಮೆಯ ಸ್ಟೇಷನ್ ಊರುಗಳು

ಹೊಸದುರ್ಗ ಪಟ್ಟಣದಲ್ಲಿ ರೈಲು ನಿಲ್ದಾಣವಿಲ್ಲ. ಅಲ್ಲಿಯವರು ರೈಲು ಹಿಡಿಯಬೇಕಾದರೆ ದೂರದ ‘ಹೊಸದುರ್ಗ ರೋಡ್’ಗೆ ಹೋಗಬೇಕು. ಹಳಿ ಊರಿಗೆ ಬಾರದೆ ಹಾದುಹೋದಲ್ಲಿ, ಊರಿನ ದಾರಿ ಇಲ್ಲಿಂದ ಎಂದು ತಿಳಿಸಲು ರೈಲ್ವೆಯವರು ‘ರೋಡ್’ ಎಂದು ಹೆಸರಿಡುತ್ತಿದ್ದರು. ಇಂಥ ನಿಲ್ದಾಣಗಳನ್ನು ನೆಚ್ಚಿ ಹುಟ್ಟಿಕೊಂಡ ಪುಟ್ಟ ಊರುಗಳ ಬದುಕು ಇಂದು ಬಹುಮಟ್ಟಿಗೆ ಅಳಿಸಿಹೋಗಿದೆ.

1876–78ರ, ಧಾತು ಮತ್ತು ಈಶ್ವರ ಸಂವತ್ಸರಗಳ ಬರದಲ್ಲಿ ಜನ ಹಸಿವಿನಿಂದ ಸತ್ತದ್ದಕ್ಕೆ, ಧಾನ್ಯವನ್ನು ಬೇಗ ಸಾಗಿಸುವ ದಾರಿ ಇಲ್ಲದ್ದೂ ಒಂದು ಕಾರಣವಾಗಿತ್ತು. ಆ ಪಾಠದ ಬೆನ್ನಿಗೇ ಮೈಸೂರು ಸಂಸ್ಥಾನವು ಹಳಿ ಹಾಕಿಸಲು ಮುಂದಾಯಿತು. ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಯಲ್ಲಿ ಬೆಂಗಳೂರು–ಹರಿಹರ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿಯ) ಮಾರ್ಗವು 1880ರ ದಶಕದ ಕೊನೆಗೆ ಪೂರ್ಣಗೊಂಡಿತು. ಹೊಸದುರ್ಗ ರೋಡ್, ಚಿಕ್ಕಜಾಜೂರು ನಿಲ್ದಾಣಗಳಿರುವುದು ಇದೇ ಮಾರ್ಗದಲ್ಲಿ. ಮುಂದೆ ಚಿತ್ರದುರ್ಗಕ್ಕೆ ಕವಲು ಹೊರಟಾಗ ಚಿಕ್ಕಜಾಜೂರು ಜಂಕ್ಷನ್ ಆಯಿತು.

ಊರು ಬೆಳೆಯಲು ರೈಲು ಹಾದುಹೋದರೆ ಸಾಲದು, ನಿಲ್ಲಬೇಕು. ಕಲ್ಲಿದ್ದಲಿನ ಇಂಜಿನ್ನಿಗೆ ದಾರಿಯುದ್ದಕ್ಕೂ ಆಗಾಗ ನೀರು ಬೇಕಿತ್ತು. ಒಂಟಿ ಹಳಿಯಾದ್ದರಿಂದ ಎದುರಿನ ಗಾಡಿಗೆ ದಾರಿ ಬಿಡಲು ಕಾಯಬೇಕಿತ್ತು. ಮುಂದಿನ ನಿಲ್ದಾಣದವರೆಗೆ ಹಳಿ ಖಾಲಿ ಇದೆಯೆಂಬುದಕ್ಕೆ ಗುರುತಾದ ಟೋಕನ್ನನ್ನು ಸ್ಟೇಷನ್ನಿನವರು ಚಾಲಕನ ಕೈಗೆ ಮುಟ್ಟಿಸಬೇಕಿತ್ತು. ಹೀಗಾಗಿ ಗಾಡಿಯ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಹಳಿ ದುರಸ್ತಿ ಮಾಡುವ ಗ್ಯಾಂಗ್‌ಮನ್‌ಗಳ ಕುಟುಂಬಗಳು ಕ್ವಾರ್ಟರ್ಸ್‌ಗಳಲ್ಲಿ ನೆಲೆಸಿದವು. ಅವರ ಸಂಬಳದ ದಿನವನ್ನು ನಂಬಿ ಅಂಗಡಿಗಳು, ಇಳಿಯುವ ಪ್ರಯಾಣಿಕರನ್ನು ನಂಬಿ ಗಾಡಿಯವರು, ಹೋಟೆಲಿನವರು ಬಂದರು.

ಈ ಊರುಗಳು ಕರಗಿದ್ದು ಹಳಿ ಕಿತ್ತದ್ದರಿಂದಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಮೊದಲು ಲಾರಿ, ಬಸ್ಸುಗಳು ಸರಕನ್ನೂ ಜನರನ್ನೂ ಸೆಳೆದುಕೊಂಡವು. ಡೀಸೆಲ್ ಇಂಜಿನ್ ಬಂದಮೇಲೆ ನೀರಿನ ನಿಲುಗಡೆ ಬೇಡವಾಯಿತು. 1990ರ ದಶಕದಲ್ಲಿ ಒಂದು ಮೀಟರ್ ಅಗಲದ ಹಳಿಯ ಜಾಗಕ್ಕೆ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಬಂದು ವೇಗ ಹೆಚ್ಚಿತು. ಸಿಗ್ನಲ್ ವ್ಯವಸ್ಥೆ ಬದಲಾದಂತೆ ಕೈಯಿಂದ ಆ ಕೆಲಸ ಮಾಡುತ್ತಿದ್ದ ಸಿಬ್ಬಂದಿಯ ಸಂಖ್ಯೆಯೂ ಇಳಿಯಿತು. ಚಿಕ್ಕಜಾಜೂರು ಉಳಿದುಕೊಂಡಿತು: ಚಿತ್ರದುರ್ಗದ ಕವಲು ರಾಯದುರ್ಗದವರೆಗೆ ಮುಂದುವರಿದು, ಬಳ್ಳಾರಿ ಕಡೆಯ ಗಾಡಿಗಳು ಇದೇ ಜಂಕ್ಷನ್‌ಗೆ ಬರತೊಡಗಿದವು. ಕವಲಿಲ್ಲದ ನಿಲ್ದಾಣಗಳಿಗೆ ಆ ಆಸರೆ ದೊರೆಯಲಿಲ್ಲ.

ಈಗ ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ನೇರ ಮಾರ್ಗವೊಂದು ನಿರ್ಮಾಣವಾಗುತ್ತಿದೆ. ಅದು ಮುಗಿದರೆ ಬೆಂಗಳೂರು–ದಾವಣಗೆರೆ ಗಾಡಿಗಳು ಅರಸೀಕೆರೆ, ಬೀರೂರು ಸುತ್ತಿ ಬರಬೇಕಿಲ್ಲ. ಹಿರಿಯೂರಿನ ಜನ ಬಹುಕಾಲದಿಂದ ಕಾದ ರೈಲು ಅದು, ಬರಲೇಬೇಕು. ಆದರೆ ಹೊಸದುರ್ಗ ರೋಡಿನಲ್ಲಿ ಆಗ ಎಷ್ಟು ಗಾಡಿಗಳು ನಿಲ್ಲುತ್ತವೆ ಎಂಬುದನ್ನೂ ಈಗಲೇ ಕೇಳಬೇಕಾಗಿದೆ.