ಡಿಸ್ಟ್ರಿಬ್ಯೂಟರ್ ಕಚ್ಚಿಕೊಂಡಿದೆ, ಬಿಸಿ ಮಾಡಬಹುದಾ?

ಪ್ರಶ್ನೆ: ಮನೆಯಲ್ಲಿ ತಾತನ ಪೆಟ್ರೋಲ್ ಅಂಬಾಸಿಡರ್ ಇದೆ. ದೇವರಾಯನದುರ್ಗದ ಏರು ಹತ್ತಿಸಿದರೆ ಇಂಜಿನ್ ಕಟಕಟ ಅನ್ನುತ್ತದೆ. ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಸರಿ ಮಾಡೋಣ ಅಂದ್ರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂದಲೆಳೆಯಷ್ಟೂ ತಿರುಗುತ್ತಿಲ್ಲ. ಗ್ಯಾಸ್ ಟಾರ್ಚ್ ಹಿಡಿದರೆ ಸಡಿಲ ಆಗುತ್ತಾ?

ಇಲ್ಲ. ತುಮಕೂರಿಂದ ಕೇಳಲಿ, ಗುಬ್ಬಿಯಿಂದ ಕೇಳಲಿ, ಕೊನೆಗೆ ಈ ಟಾರ್ಚ್ ಬಂದೇ ಬರುತ್ತದೆ. ಆದ್ದರಿಂದ ಈ ಸಲ ಬಿಡಿಸಿ ಹೇಳ್ತೀನಿ.

ಬಿಸಿ ಮಾಡಿದ್ರೆ ಸಡಿಲ ಆಗುತ್ತೆ ಅನ್ನೋ ನಂಬಿಕೆ ಬಂದಿದ್ದು ಎತ್ತಿನಗಾಡಿ ಚಕ್ರದಿಂದ ಇರಬೇಕು. ಕಮ್ಮಾರ ಕಬ್ಬಿಣದ ಪಟ್ಟಿ ಕಾಯಿಸ್ತಾನೆ, ಅದು ಹಿಗ್ಗುತ್ತದೆ, ಮರದ ಚಕ್ರದ ಮೇಲೆ ಕೂರುತ್ತದೆ. ಅಲ್ಲಿ ಹಿಗ್ಗೋದು ಹೊರಗಿನ ವಸ್ತು. ನಿಮ್ಮ ಕಾರಿನಲ್ಲಿ ಹೊರಗಿರೋದು ಕಬ್ಬಿಣದ ಗೂಡು, ಒಳಗೆ ಇಳಿದಿರೋದು ಡಿಸ್ಟ್ರಿಬ್ಯೂಟರಿನ ಅಲ್ಯೂಮಿನಿಯಂ ಬಾಡಿ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಸರಳು 100 ಡಿಗ್ರಿ ಬಿಸಿ ಏರಿದರೆ ಸುಮಾರು 2.3 ಮಿಲಿಮೀಟರ್ ಬೆಳೆಯುತ್ತದೆ. ಎರಕದ ಕಬ್ಬಿಣ ಬೆಳೆಯೋದು ಅದರ ಅರ್ಧದಷ್ಟು. ಅಂದ್ರೆ ನೀವು ಕಾಯಿಸಿದಷ್ಟೂ ಒಳಗಿನದ್ದೇ ಜಾಸ್ತಿ ಉಬ್ಬಿ ಇನ್ನೂ ಬಿಗಿಯಾಗುತ್ತದೆ.

'ನಾನು ಗೂಡನ್ನ ಮಾತ್ರ ಕಾಯಿಸ್ತೀನಿ' ಅನ್ನೋರೂ ಇದ್ದಾರೆ. ಎರಡೂ ಅಂಟಿಕೊಂಡಿವೆ ಅಲ್ವಾ? ಅಲ್ಯೂಮಿನಿಯಂ ಶಾಖವನ್ನು ಗಬಕ್ಕನೆ ಎಳ್ಕೊಳ್ಳುತ್ತದೆ. ಅಷ್ಟರಲ್ಲಿ ಕಂಡೆನ್ಸರ್, ವೈರಿನ ಹೊದಿಕೆ ಸುಟ್ಟಿರುತ್ತವೆ. ಪೆಟ್ರೋಲ್ ಹರಿಯೋ ಜಾಗದಲ್ಲಿ ಬೆಂಕಿ ಹಿಡಿಯೋದರ ಬಗ್ಗೆ ನಾನು ಬೇರೆ ಹೇಳಬೇಕಾ?

ಇನ್ನು 'ನಮ್ಮ ಮೆಕ್ಯಾನಿಕ್ ಹಂಗೇ ಬಿಡಿಸಿದ್ರು' ಅನ್ನೋ ಮಾತು. ಬಿಟ್ಟಿರಬಹುದು, ಸುಳ್ಳಲ್ಲ. ಆದರೆ ಬಿಟ್ಟಿದ್ದು ತಣ್ಣಗಾಗುವಾಗ. ಹಿಗ್ಗಿ ಕುಗ್ಗುವಾಗ ಮಧ್ಯದ ಬಿಳಿ ಪುಡಿಯ ಪದರ ಒಡೆಯುತ್ತದೆ. ಅಲ್ಯೂಮಿನಿಯಂ, ಕಬ್ಬಿಣ ಎರಡರ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಸವೆದು ಆಗುವ ಪುಡಿ ಅದು. ಕಚ್ಚಿಕೊಳ್ಳೋಕೆ ಕಾರಣವೇ ಅದು. ಆ ಕೆಲಸಕ್ಕೆ ಇಂಜಿನ್ನಿನ ಬಿಸಿಯೇ ಸಾಕು. ಗಾಡಿ ಓಡಿಸಿ, ನಿಲ್ಲಿಸಿ, ಪೂರ್ತಿ ಆರಲು ಬಿಡಿ.

ಆರಿದ ಮೇಲೆ ಬ್ಯಾಟರಿ ಕಳಚಿ. ವೈರುಗಳಿಗೆ ಗುರುತು ಹಾಕಿ ಕ್ಯಾಪ್ ತೆಗೆಯಿರಿ. ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ. ಬಾಡಿ ಗೂಡಿನೊಳಗೆ ಇಳಿಯುವ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಸಂಜೆ ಇನ್ನೊಮ್ಮೆ, ಮಾರನೇ ದಿನ ಮತ್ತೆ. ನಡುನಡುವೆ ಮರದ ತುಂಡು ಇಟ್ಟು ಸುತ್ತಲೂ ಮೆತ್ತಗೆ ತಟ್ಟಿ. ಆಮೇಲೆ ಆಯಿಲ್ ಫಿಲ್ಟರ್ ಬಿಚ್ಚುವ ಬೆಲ್ಟ್ ಸ್ಪ್ಯಾನರನ್ನು ಬಾಡಿಗೆ ಸುತ್ತಿ ಆಚೆ ಸ್ವಲ್ಪ, ಈಚೆ ಸ್ವಲ್ಪ ತಿರುಗಿಸಿ. ಮೊದಲು ತಿರುಗಬೇಕು, ಎತ್ತೋದು ಆಮೇಲೆ. ಅಡಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ಬಾಡಿ ಸೀಳುತ್ತದೆ. ಪಕ್ಕದ ವ್ಯಾಕ್ಯೂಮ್ ಡಬ್ಬಿ ಹಿಡಿಕೆ ಅಲ್ಲ, ತೆಳು ತಗಡು.

ಹೊರಗೆ ಬಂದ ಮೇಲೆ ಬಿಳಿ ಪುಡಿಯನ್ನು ನುಣುಪು ಎಮರಿ ಕಾಗದದಲ್ಲಿ ಉಜ್ಜಿ. ಕೂರಿಸುವಾಗ ಮತ್ತೆ ಕಚ್ಚದಂತೆ ತಡೆಯುವ ಆಂಟಿಸೀಝ್ ಗ್ರೀಸ್ ತೆಳ್ಳಗೆ ಸವರಿ. ತಿರುಗುಮುರುಗಾಗಿ ಕೂರಿಸುವ ಭಯ ಬೇಡ. ಅಡಿಯ ಕಚ್ಚು ನಡುವಿನಿಂದ ಸ್ವಲ್ಪ ಪಕ್ಕಕ್ಕಿದೆ, ಒಂದೇ ರೀತಿಯಲ್ಲಿ ಕೂರುತ್ತದೆ. ಟೈಮಿಂಗ್ ಮಾತ್ರ ಹೊಸದಾಗಿ ಕಟ್ಟಬೇಕು. ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್‌ನ ಗ್ಯಾಪ್ 0.015 ಇಂಚು ಇಟ್ಟು, ಬ್ಯಾಟರಿ ಮತ್ತೆ ಜೋಡಿಸಿ, ಪಾಯಿಂಟ್‌ಗೆ 12 ವೋಲ್ಟ್ ಬಲ್ಬ್ ಕೊಟ್ಟು ನೋಡಿ. ಪಾಯಿಂಟ್ ಬಿಡುವ ಕ್ಷಣಕ್ಕೆ ಬಲ್ಬ್ ಹತ್ತುತ್ತದೆ. ನಿಮ್ಮ ಕಟಕಟಕ್ಕೆ ಬೇಕಾಗೋದು ಬಹುಶಃ ರಿಟಾರ್ಡ್, ಅಂದ್ರೆ ಕಿಡಿಯನ್ನು ತುಸು ತಡ ಮಾಡೋದು. ಈ ಇಂಜಿನ್ನಿನಲ್ಲಿ ಕ್ಯಾಪ್ ಒಳಗಿನ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ, ಬಾಡಿಯನ್ನೂ ಅದೇ ದಿಕ್ಕಿಗೆ ಕೂದಲಷ್ಟು ಸರಿಸಿ.

ಯಾರೂ ಕೇಳದ್ದು ಒಂದಿದೆ. ಒಳಗಿನ ಶಾಫ್ಟ್‌ಗೆ ಎಣ್ಣೆ ಹಾಕಿ ಎಷ್ಟು ವರ್ಷ ಆಯ್ತು? ಬಾಡಿ ಕಚ್ಚಿದರೆ ಟೈಮಿಂಗ್ ಸರಿಸೋಕೆ ಆಗಲ್ಲ ಅಷ್ಟೇ, ಶಾಫ್ಟ್ ಕಚ್ಚಿದರೆ ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ. ರೋಟರನ್ನು ಮೇಲಕ್ಕೆ ಎಳೆದರೆ ಒಂದು ಸ್ಕ್ರೂ ತಲೆ ಕಾಣುತ್ತದೆ. ಅದನ್ನು ಬಿಚ್ಚಬೇಡಿ. ಎಣ್ಣೆ ಇಳಿಯಲೆಂದೇ ಸುತ್ತ ಸಂದಿ ಬಿಟ್ಟಿದ್ದಾರೆ. ಇಂಜಿನ್ ಆಯಿಲ್ ಎರಡು ಹನಿ ಸಾಕು. ಪಾಯಿಂಟ್ ಮೇಲೆ ಬಿದ್ದರೆ ಒರೆಸಿಬಿಡಿ, ಇಲ್ಲದಿದ್ದರೆ ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂತ ಮತ್ತೆ ನನ್ನನ್ನೇ ಕೇಳ್ತೀರಿ.